ಮುದ್ರಿಕಾಪಠನದೋಷ ಮೀಮಾಂಸೆ

ಪ್ರಕೃತ ಪ್ರಬಂಧದ ವಿಷಯವು ವಿದ್ವಜ್ಜನರ ಅವಜ್ಞೆಗೆ ಚಿರಕಾಲದಿಂದಲೂ ಪಾತ್ರವಾಗಿರತಕ್ಕುದಾದರೂ, ಮಕ್ಕಳಿರುವ ಮನೆಗಳಲ್ಲಿ ಅದರಿಂದುಂಟಾದ ಅಶ್ರುಪಾತವನ್ನೂ, ಮಕ್ಕಳು ಬೆಳೆದು ಹೊರಟುಹೋದ ಮನೆಗಳಲ್ಲಿ ಅದರಿಂದುಂಟಾಗುವ ಒಂದು ಬಗೆಯ ನಿಶ್ಶಬ್ದವನ್ನೂ ಗಮನಿಸಿದಲ್ಲಿ, ಇದಕ್ಕೊಂದು ಲಕ್ಷಣಗ್ರಂಥವಿಲ್ಲದಿರುವುದು ನಮ್ಮ ಶಾಸ್ತ್ರಪರಂಪರೆಗೆ ಭೂಷಣವಲ್ಲವೆಂಬುದು ಸಹೃದಯರಿಗೆ ವಿದಿತವಾಗದಿರದು. ವಿಷಯವೇನೆಂದರೆ, ಟಿ.ವಿ.ಗೆ ಜೋಡಿಸಿ ಆಡುವ ಆಟದ ಯಂತ್ರವು ವಯಸ್ಸಾದ ಮೇಲೆ, ತನ್ನ ತಟ್ಟೆಯಲ್ಲಿಟ್ಟ ಮುದ್ರಿಕೆಯನ್ನು ಗರಗರನೆ ಮೂರು ಸುತ್ತು ತಿರುಗಿಸಿ ನೋಡಿ, ಓದಲಾರದೆ, ಕಪ್ಪು ತೆರೆಯ ಮೇಲೆ “ಡಿಸ್ಕ್ ರೀಡ್ ಎರರ್” ಎಂಬ ಮೂರು ಪದಗಳನ್ನು ಬರೆದು ಸುಮ್ಮನಾಗುವುದು. ಈ ಗ್ರಂಥರಚನೆಗೆ ಪ್ರೇರಣೆಯಾದದ್ದು ನನ್ನ ಮೇಜಿನ ಮೇಲಿರುವ ಒಂದೂವರೆ ಪುಟದ ವರದಿ. ಅದರ ವಿಚಾರ ಮುಂದೆ ಬರುವುದು. ಈಗಲೇ ಹೇಳಿದರೆ ಶಾಸ್ತ್ರಕ್ಕೆ ಬೇಕಾದ ಸಮಚಿತ್ತತೆ ಕೆಡುವ ಭಯವುಂಟು.

ಗ್ರಂಥದ ಆದಿಯಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ವಿಷಯವನ್ನು ಹೇಳಿಯಾಯಿತು. ಪ್ರಯೋಜನವೆಂದರೆ, 2009ನೆಯ ಇಸವಿಯ ಜೂನ್ ತಿಂಗಳಲ್ಲಿ ಕಾರಣಾಂತರದಿಂದ ನಡುವೆ ನಿಂತುಹೋದ ಒಂದು ಟೆಸ್ಟ್ ಪಂದ್ಯದ ಐದನೆಯ ದಿನವು ಮುಗಿಯುವುದು. ಅಧಿಕಾರಿಯೆಂದರೆ, ಒಂದು ಸಣ್ಣ ಸ್ಕ್ರೂಡ್ರೈವರು, ಹತ್ತಿ ಸುತ್ತಿದ ಕಡ್ಡಿ, ನಿವೃತ್ತಿವೇತನ ಇವಿಷ್ಟನ್ನು ಉಳ್ಳವನು. ಶಮದಮಾದಿಗಳು ಯಂತ್ರವನ್ನು ಬಿಚ್ಚಿದ ಮೇಲೆ ತಾವಾಗಿಯೇ ಬರುವುವು, ಇಲ್ಲವೇ ಇದ್ದವೂ ಹೋಗುವುವು. ಇನ್ನು ಸಂಬಂಧ. “ನಿಮಗೂ ಅದಕ್ಕೂ ಏನ್ರೀ ಸಂಬಂಧ?” ಎಂದು ನನ್ನ ಮಡದಿ ಕೇಳಿದ ಪ್ರಶ್ನೆಗೆ ಉತ್ತರವನ್ನು ಈ ಪ್ರಬಂಧದ ಅಂತ್ಯದೊಳಗೆ ಕೊಡಲು ಪ್ರಯತ್ನಿಸುವೆನು.

ಮೊದಲು ಶಬ್ದವಿಚಾರ. ಶಬ್ದವನ್ನು ಬಿಡಿಸದೆ ವಸ್ತುವನ್ನು ಬಿಚ್ಚಬಾರದೆಂಬುದು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ವ್ಯಾಕರಣ ಹೇಳಿದ ನನ್ನ ನಂಬಿಕೆ. ಯಂತ್ರಗಳ ವಿಷಯದಲ್ಲಿ ಅದು ತಪ್ಪೆಂದು ಆಮೇಲೆ ತಿಳಿಯಿತು. “ಡಿಸ್ಕ್ ರೀಡ್ ಎರರ್” ಎಂಬುದು ಸಮಸ್ತಪದ. ಮೂರೂ ಆಂಗ್ಲಪದಗಳೇ ಆದುದರಿಂದ ಅರಿಸಮಾಸದ ಆಕ್ಷೇಪವು ಇಲ್ಲಿ ಏಳದು. “ಡಿಸ್ಕ್‌ದೋಷ” ಎಂದು ಬೆರಸಿ ಹೇಳಿದವರು ಮಾತ್ರ ಕೇಶಿರಾಜನಿಗೆ ಉತ್ತರ ಕೊಡತಕ್ಕುದು. ಡಿಸ್ಕಿನ ಓದು, ಆ ಓದಿನ ದೋಷ ಎಂದು ವಿಗ್ರಹಿಸಿದರೆ ಷಷ್ಠೀತತ್ಪುರುಷಗಳೆರಡು ಒಂದರ ತೊಡೆಯ ಮೇಲೊಂದು ಕುಳಿತಿರುವುದು ಕಾಣುವುದು. ತೊಡಕಿರುವುದು ಮೊದಲನೆಯ ಷಷ್ಠಿಯಲ್ಲಿ. ಅದು ಕರ್ತರಿ ಷಷ್ಠಿಯೋ, ಕರ್ಮಣಿ ಷಷ್ಠಿಯೋ? “ಮಗುವಿನ ಓದು” ಎಂದಾಗ ಓದುವುದು ಮಗು. “ರಾಮಾಯಣದ ಓದು” ಎಂದಾಗ ರಾಮಾಯಣವನ್ನು ಇನ್ನಾರೋ ಓದುವರು. ಡಿಸ್ಕು ತಾನಾಗಿ ಓದುವ ವಸ್ತುವಲ್ಲವಾದುದರಿಂದ ಇದು ಕರ್ಮಣಿಯೇ ಸರಿ. ಹಾಗಾದರೆ ಓದುವವನು ಯಾರು? ಯಂತ್ರ. ಆ ಯಂತ್ರವು ಈ ಸಮಾಸದಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಓದಲಾರದವನು ತನ್ನ ಹೆಸರನ್ನು ಮರೆಸಿ, ಪುಸ್ತಕದ ಹೆಸರನ್ನು ಮುಂದಿಟ್ಟು, ದೋಷವೆಂಬ ಪದವನ್ನು ಕೊನೆಗೆ ಅಂಟಿಸಿ ಮರೆಯಾಗಿದ್ದಾನೆ. ಕರ್ತೃವನ್ನು ಅಡಗಿಸಿ ಕ್ರಿಯೆಯನ್ನು ಹೇಳುವ ಈ ಚಾತುರ್ಯವು ನಮ್ಮ ಕಚೇರಿಗಳಲ್ಲಿಯೂ ಉಂಟು. ಅಲ್ಲಿ ಕಡತವನ್ನು ಯಾರೂ ಕಳೆಯುವುದಿಲ್ಲ, ಕಡತವು ಲಭ್ಯವಿರುವುದಿಲ್ಲ.

ಇನ್ನು ವಸ್ತುವಿಚಾರ. ಪ್ಲೇಸ್ಟೇಷನ್ 2 ಎಂಬ ಯಂತ್ರವು ಜಪಾನಿನಲ್ಲಿ 2000ದ ಮಾರ್ಚ್ 4ರಂದು ಅವತರಿಸಿ, 15 ಕೋಟಿ 50 ಲಕ್ಷಕ್ಕೂ ಮಿಗಿಲಾದ ಸಂಖ್ಯೆಯಲ್ಲಿ ಲೋಕದ ಮನೆಗಳನ್ನು ಹೊಕ್ಕು, 2013ರ ವೇಳೆಗೆ ತಯಾರಿಕೆ ನಿಂತು, ಈಗ ವಾನಪ್ರಸ್ಥದಲ್ಲಿರುವುದು. ಇದರ ಮುದ್ರಿಕೆಗಳಲ್ಲಿ ವರ್ಣಭೇದವುಂಟು: ಇದಕ್ಕೂ ಹಿಂದಿನ ತಲೆಮಾರಿನ ಆಟಗಳದ್ದು ಕಪ್ಪು ತಳ, ಇದರದೇ ಸಿಡಿ ಆಟಗಳದ್ದು ನೀಲಿ, ಡಿವಿಡಿ ಆಟಗಳದ್ದು ಬೆಳ್ಳಿ. ಭೇದವು ಬರಿಯ ಬಣ್ಣದ್ದಲ್ಲ. ಸಿಡಿಯನ್ನು ಓದುವ ಕಿರಣವು 780 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರಿನ ಕೆಂಪು. ಸಿಡಿಯಲ್ಲಿ ಸಾಲಿಗೂ ಸಾಲಿಗೂ ಅಂತರ 1.6 ಮೈಕ್ರಾನ್, ಡಿವಿಡಿಯಲ್ಲಿ 0.74, ಒಂದು ಕೂದಲೆಳೆಯ ದಪ್ಪದಲ್ಲಿ ಡಿವಿಡಿಯ ನೂರರ ಹತ್ತಿರ ಸಾಲುಗಳು ಅಡಗಬಲ್ಲವು. ಇಷ್ಟು ಸಣ್ಣ ಅಕ್ಷರವನ್ನು, ಗಿರ್ರನೆ ತಿರುಗುವ ಹಾಳೆಯ ಮೇಲೆ, ಒಳಗಿನಿಂದ ಹೊರಕ್ಕೆ ಸುರುಳಿಯಾಗಿ, ಅವರೆಕಾಳಿಗಿಂತ ದೊಡ್ಡದಲ್ಲದ ಒಂದು ಮಸೂರವು ತಂತಿಯ ಸುರುಳಿಗಳ ಸೆಳೆತದಲ್ಲಿ ಮೇಲಕ್ಕೂ ಕೆಳಕ್ಕೂ ಓಲಾಡುತ್ತ ಓದತಕ್ಕುದು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಿಶ್ಚಲವಾಗಿ ಮೇಜಿನ ಮೇಲಿಟ್ಟ ಪುಸ್ತಕವನ್ನು ಓದದವರು ಎಷ್ಟು ಮಂದಿಯಿದ್ದಾರೆಂಬುದನ್ನು ನೆನೆದರೆ ಈ ಮಸೂರದ ಮೇಲೆ ಗೌರವ ಹುಟ್ಟುವುದು.

ಓದುವಾಗ ಅಕ್ಷರ ಬಿಟ್ಟುಹೋಗುವುದು ಇದ್ದದ್ದೇ. ಓಲೆಗರಿಯ ಹಸ್ತಪ್ರತಿಗಳಲ್ಲಿ ಹುಳು ಕೊರೆದ ತೂತಿನಲ್ಲಿ ಎರಡಕ್ಷರ ಹೋಗಿದ್ದರೆ, ಬಲ್ಲ ಸಂಪಾದಕನು ಛಂದಸ್ಸನ್ನು ಎಣಿಸಿ, ಪ್ರಾಸವನ್ನು ನೋಡಿ, ಹೋದದ್ದು ಇಂಥದೇ ಇರಬೇಕೆಂದು ಗ್ರಂಥಪಾತವನ್ನು ತುಂಬುತ್ತಾನೆ. ಮುದ್ರಿಕೆಗಳಲ್ಲಿಯೂ ಇದೇ ಏರ್ಪಾಡುಂಟೆಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಇರ್ವಿಂಗ್ ರೀಡ್, ಗುಸ್ತಾವ್ ಸಾಲಮನ್ ಎಂಬಿಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಒಂದು ಕ್ರಮದಂತೆ, ಅಕ್ಷರಗಳ ಜೊತೆಗೆ ಕೆಲವು ಸಾಕ್ಷಿ ಅಕ್ಷರಗಳನ್ನೂ ಬರೆದು ಎಲ್ಲವನ್ನೂ ಅಲ್ಲಲ್ಲಿ ಚದುರಿಸಿಟ್ಟಿರುತ್ತಾರೆ; ಸಿಡಿಯ ಮೇಲೆ ಸಾಲಿನುದ್ದಕ್ಕೂ ಎರಡೂವರೆ ಮಿಲಿಮೀಟರಿನಷ್ಟು ಅಳಿಸಿಹೋದರೂ ಉಳಿದ ಸಾಕ್ಷಿಗಳಿಂದ ಯಂತ್ರವು ಅದನ್ನು ತಿರುಗಿ ಕಟ್ಟಿಕೊಳ್ಳುವುದು. ರನ್ನನಿಗೂ ನಾರಣಪ್ಪನಿಗೂ ಇಂಥ ಲಿಪಿಕಾರನು ಸಿಕ್ಕಿದ್ದರೆ! ತಾತ್ಪರ್ಯವಿಷ್ಟೆ: ಮುದ್ರಿಕೆಯ ಮೇಲೆ ಗೀರು ಕಂಡಕೂಡಲೆ ದೋಷವನ್ನು ಅದರ ತಲೆಗೆ ಕಟ್ಟುವುದು ಅವಿಚಾರ. ಕಿರಣವು ಕೆಳಮೈಯನ್ನು ಹೊಗುವಾಗ ಅಗಲವಾಗಿದ್ದು, ಒಳಗಿನ ಅಕ್ಷರವನ್ನು ಮುಟ್ಟುವಾಗ ಮಾತ್ರ ಮೊನೆಯಾಗುವುದರಿಂದ, ಮೇಲಿನ ಸಣ್ಣ ಗೀರು ಕನ್ನಡಕದ ಮೇಲಿನ ಧೂಳಿನಂತೆ ಇದ್ದೂ ಇಲ್ಲದಂತಾಗುವುದು. ಕೇಂದ್ರದಿಂದ ಅಂಚಿಗೆ ಎಳೆದ ಗೀರು ಕ್ಷಮ್ಯ. ಸಾಲಿನ ಜೊತೆಗೇ ಸುತ್ತುವ ಗೀರು ಘೋರ. ಅದಕ್ಕಾಗಿಯೇ ಒರಸುವವರು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸತಕ್ಕುದು, ರೊಟ್ಟಿ ತಟ್ಟಿದಂತೆ ಸುತ್ತಿ ಸುತ್ತಿ ಒರಸತಕ್ಕುದಲ್ಲ. ಟೂತ್‌ಪೇಸ್ಟು ಹಚ್ಚಿ ಉಜ್ಜಬೇಕೆಂದು ಬೋಧಿಸುವ ಒಂದು ಪಂಥವುಂಟು. ಆ ಪಂಥದವರ ಹಲ್ಲುಗಳು ಹೇಗಿವೆಯೋ ಕಾಣೆ; ಅವರ ಡಿಸ್ಕುಗಳನ್ನು ಕಂಡಿದ್ದೇನೆ.

ಇನ್ನು ನಿದಾನಪ್ರಕರಣ. ವೈದ್ಯಶಾಸ್ತ್ರದಲ್ಲಿ ರೋಗವನ್ನು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಬಗೆಯಿಂದ ಅರಿಯತಕ್ಕುದೆಂದು ಹೇಳಿದೆ. ಯಂತ್ರಕ್ಕೂ ಅದನ್ನೇ ಅನ್ವಯಿಸೋಣ. ನಿದಾನವು ತ್ರಿದೋಷಾತ್ಮಕವಾದುದು: ತಿರುಗಿಸುವ ಮೋಟಾರು ಓಲಾಡುವುದು ವಾತ, ಕಿರಣದ ಡಯೋಡು ಉರಿದುರಿದು ಕ್ಷೀಣಿಸುವುದು ಪಿತ್ತ, ಮಸೂರದ ಮೇಲೆ ಕೂತ ಧೂಳು, ಒಗ್ಗರಣೆಯ ಹೊಗೆಯ ಜಿಡ್ಡು, ಮಸೂರವು ಸರಿದಾಡುವ ಸರಳುಗಳ ಮೇಲೆ ಒಣಗಿ ಮೇಣವಾದ ಗ್ರೀಸು, ಇವೆಲ್ಲ ಕಫ. ನೂರಕ್ಕೆ ಎಷ್ಟು ಪಾಲು ಕಫವೆಂದು ನಾನು ಹೇಳಲಾರೆನಾದರೂ, ಮೊದಲು ಕಫವನ್ನು ಕಳೆಯದೆ ಉಳಿದೆರಡನ್ನು ಮುಟ್ಟುವವನು ಮೂಢವೈದ್ಯ. ಪೂರ್ವರೂಪವೆಂದರೆ ನಡುನಡುವೆ ಬರುವ ಚಲಚ್ಚಿತ್ರದ ಭಾಗಗಳು ಮೊದಲು ತೊದಲುವುದು. ಜಿ.ಟಿ.ಎ. ಸ್ಯಾನ್ ಆಂಡ್ರಿಯಾಸ್ ಎಂಬ, 2004ರಲ್ಲಿ ಬಂದ ಆಟದಲ್ಲಿ ಊರನ್ನು ಹೋದಹೋದಂತೆ ಡಿಸ್ಕಿನಿಂದ ಓದಿ ಕಟ್ಟಬೇಕಾದುದರಿಂದ, ಮಸೂರವು ಮಂದವಾದ ಯಂತ್ರದಲ್ಲಿ ಕಾರು ಓಡುವುದು ಮುಂದೆ, ಊರು ಹುಟ್ಟುವುದು ಹಿಂದೆ. ಆಟಗಾರನು ರಸ್ತೆಯೇ ಇಲ್ಲದ ಬೂದುಬಣ್ಣದ ಶೂನ್ಯದಲ್ಲಿ ವಾಹನ ನಡೆಸುವನು, ಮಾಯಾವಾದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಬೇಕೆ? ರೂಪವು ಆ ಮೂರು ಪದಗಳೇ. ಇನ್ನೊಮ್ಮೆ ಕೆಂಪು ತೆರೆ ಮೂಡಿ, ಡಿಸ್ಕು ಒಳಗಿರುವಾಗಲೇ ದಯವಿಟ್ಟು ಡಿಸ್ಕನ್ನು ಹಾಕಿರೆಂದು ಯಂತ್ರವು ಬೇಡುವುದೂ ಉಂಟು. ಉಪಶಯವೆಂದರೆ ಮದ್ದು ಕೊಟ್ಟು ನೋಡಿ ರೋಗ ತಿಳಿಯುವುದು: ಮಲಗಿದ ಯಂತ್ರವನ್ನು ನಿಲ್ಲಿಸಿದರೆ, ತಲೆಕೆಳಗಾಗಿಸಿದರೆ, ಕಾಲು ಗಂಟೆ ಕಾಯಿಸಿದರೆ ಓದುವುದಾದಲ್ಲಿ, ಅಕ್ಷರದಲ್ಲಿ ದೋಷವಿಲ್ಲ, ಮಸೂರಕ್ಕೂ ಮುದ್ರಿಕೆಗೂ ಇರುವ ಅಂತರದಲ್ಲಿ ದೋಷವೆಂದು ತಿಳಿಯತಕ್ಕುದು. ಐದನೆಯದಾದ ಸಂಪ್ರಾಪ್ತಿಯನ್ನು ಬಿಟ್ಟುಬಿಡುತ್ತೇನೆ. ನನಗೆ ಬೇಸರ ಬಂದಿದೆ. ಓದುಗರಿಗೆ ವಾತದ ಹೊತ್ತಿಗೇ ಬಂದಿರಬೇಕು.

ಈಗ ವರದಿಯ ಮಾತು. ನಮ್ಮ ಯಂತ್ರವನ್ನು ಊರಿನ ಒಂದು ಸೇವಾಕೇಂದ್ರಕ್ಕೆ ಒಯ್ದಿದ್ದೆ. ತಂಪು ಗಾಳಿ, ಟೋಕನ್ನು, ಕೊರಳಪಟ್ಟಿ ಧರಿಸಿದ ತರುಣರು. ಹದಿನೆಂಟು ದಿನ ಇಟ್ಟುಕೊಂಡರು. ಪರೀಕ್ಷಾಶುಲ್ಕ 500, ತೆರಿಗೆ 90, ಒಟ್ಟು 590 ರೂಪಾಯಿ ತೆತ್ತ ಮೇಲೆ ಕೈಗೆ ಬಂದ ಕಾಗದದಲ್ಲಿ ಹನ್ನೊಂದು ಶೀರ್ಷಿಕೆಗಳಿದ್ದುವು. “ರೂಟ್ ಕಾಸ್” ಎಂಬುದರ ಎದುರಿಗೆ, ರೀಡ್ ಎರರಿನ ಕಾರಣ ರೀಡ್ ಫೇಲ್ಯೂರ್ ಎಂದಿತ್ತು. ಓದಲಾರದ್ದಕ್ಕೆ ಕಾರಣ ಓದಲಾಗದಿರುವುದು! ತರ್ಕಶಾಸ್ತ್ರದಲ್ಲಿ ಇದಕ್ಕೆ ಆತ್ಮಾಶ್ರಯದೋಷವೆಂದು ಹೆಸರು. ಮೊದಲ ವರ್ಷದ ಹುಡುಗನು ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು, ಸೊನ್ನೆಯ ಸುತ್ತ ಇನ್ನೊಂದು ಸೊನ್ನೆ ಸುತ್ತುತ್ತಿದ್ದೆ. “ಅಬ್ಸರ್ವೇಷನ್” ಎಂಬಲ್ಲಿ ಮೀಡಿಯಾ ಡಿಫೆಕ್ಟಿವ್, ಅಂದರೆ ಡಿಸ್ಕು ಕೆಟ್ಟಿದೆ. ಕೊನೆಗೆ “ಬಿಯಾಂಡ್ ಎಕನಾಮಿಕ್ ರಿಪೇರ್”. ಕೆಳಗೆ ಸಹಿಯಿಲ್ಲ, ಇದು ಯಂತ್ರದಿಂದ ಸಿದ್ಧವಾದ ವರದಿ, ಸಹಿ ಬೇಕಿಲ್ಲ ಎಂದು ಬರೆದಿತ್ತು.

ಓದುಗರೆ, ಒಂದು ಮಾತನ್ನು ಅಲಂಕಾರವಿಲ್ಲದೆ ಹೇಳುತ್ತೇನೆ. ಆ ಹದಿನೆಂಟು ದಿನವೂ ನಮ್ಮ ಡಿಸ್ಕು ನಮ್ಮ ಮನೆಯ ಗಾಜಿನ ಬೀರುವಿನಲ್ಲಿತ್ತು. ನಾನು ಒಯ್ದಿರಲಿಲ್ಲ. ಅವರು ಕೇಳಿರಲಿಲ್ಲ. ನೋಡದ ಡಿಸ್ಕನ್ನು ಕೆಟ್ಟಿದೆಯೆಂದು ಬರೆದರು. ಯಂತ್ರದ ಅಡಿಯ ತಿರುಪುಗಳನ್ನು ಮುಚ್ಚಿದ್ದ ಬಿಲ್ಲೆಗಳ ಮೇಲೆ ನಮ್ಮ ಅಟ್ಟದ ಧೂಳು ಹಾಗೆಯೇ ಕೂತಿತ್ತು, ಒಂದನ್ನೂ ಕಿತ್ತಿರಲಿಲ್ಲ. ಮುದುಕನೊಬ್ಬನು ಹಳೆಯ ಪೆಟ್ಟಿಗೆ ಹೊತ್ತು ಬಂದರೆ ಅವನಿಗೆ ಸತ್ಯ ಹೇಳಬೇಕಾಗಿಲ್ಲ, ಹನ್ನೊಂದು ಶೀರ್ಷಿಕೆ ಸಾಕು ಎಂದು ಯಾರು ಕಲಿಸಿದರು ಇವರಿಗೆ? “ನಮಗೆ ಬರುವುದಿಲ್ಲ ಸಾರ್, ಬಿಚ್ಚಿ ನೋಡಿಲ್ಲ” ಎಂದಿದ್ದರೆ ಆ ಹುಡುಗನ ಬೆನ್ನು ತಟ್ಟಿ ಬರುತ್ತಿದ್ದೆ. ನಾನೂ ವಿಚಾರಸಂಕಿರಣಗಳಲ್ಲಿ ಮೂರು ದಶಕ ಕೂತವನು. ಮೂಲವನ್ನು ತೆರೆಯದೆ “ಪಠ್ಯದ ಮಿತಿಗಳು” ಎಂದು ಪ್ರಬಂಧ ಮಂಡಿಸಿ, ಪ್ರಯಾಣಭತ್ಯೆ ಬರೆಸಿಕೊಂಡು, ಊಟದ ಸಾಲಿಗೆ ಮೊದಲು ಹೋದವರನ್ನು ಕಂಡಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಸಿಟ್ಟಿಗೆ ಇದೂ ಒಂದು ಕಾರಣವಿದ್ದೀತು.

ಮೇಲಿನ ಪ್ಯಾರಾದಲ್ಲಿ “ಅಟ್ಟದ ಧೂಳು” ಎಂದೆನಷ್ಟೆ. ಯಂತ್ರವು ಅಟ್ಟಕ್ಕೆ ಹೋದದ್ದು ಹೇಗೆ? “ಕಾರಣಾಂತರದಿಂದ ನಿಂತುಹೋದ ಪಂದ್ಯ” ಎಂದೂ ಮೊದಲಲ್ಲಿ ಬರೆದಿದ್ದೇನೆ. ಕರ್ತೃಲೋಪವನ್ನು ಅಷ್ಟು ಉದ್ದಕ್ಕೆ ಖಂಡಿಸಿದ ವೈಯಾಕರಣನು ಇಲ್ಲಿ ತಾನೇ ಕರ್ತೃವನ್ನು ನುಂಗಿದ್ದಾನೆ. ಯಂತ್ರವನ್ನು ಅಟ್ಟಕ್ಕೆ ಏರಿಸಿದವನು ನಾನು. ಮಗ ಎರಡನೆಯ ಪಿ.ಯು.ಸಿ.ಗೆ ಬಂದ ಜೂನ್ ಅದು. ಒಂದು ಸಂಜೆ ಆಟದ ನಡುವೆ ಹೋಗಿ ನಿಂತೆ. “ಅಪ್ಪ, ಸೇವ್ ಮಾಡ್ಕೋತೀನಿ, ಎರಡೇ ನಿಮಿಷ” ಎಂದ. ಅಷ್ಟಕ್ಕೆ ಬಿಟ್ಟೆ. ಆಮೇಲೆ ತಂತಿ ಸುತ್ತಿ, ಹಳೆಯ ಪಂಚೆಯಲ್ಲಿ ಕಟ್ಟಿ ಮೇಲಿಟ್ಟೆ. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು. ಆಮೇಲೆ ಸಿಇಟಿ, ಹಾಸ್ಟೆಲು, ಕೆಲಸ, ವೀಸಾ. ಅವನು ಮತ್ತೆ ಕೇಳಲಿಲ್ಲ. ನಾನೂ ಇಳಿಸಲಿಲ್ಲ. ಹದಿನಾರು ವರ್ಷ. ಅವನು ಡಬ್ಲಿನ್ನಿನಲ್ಲಿದ್ದಾನೆ, ಕಳೆದ ಯುಗಾದಿಯಂದು ಫೋನಿನಲ್ಲಿ, ನಗುತ್ತಲೇ, “ಆ ಮ್ಯಾಚು ಇನ್ನೂ ಕಾರ್ಡಲ್ಲಿ ಇರ್ಬೇಕು ಅಲ್ವಾಪ್ಪಾ?” ಎಂದ. ಮರುದಿನ ಏಣಿ ಹಾಕಿದೆ. ಸಂಬಂಧವೇನೆಂದು ಕೇಳಿದ ಮಡದಿಗೆ ಇದೇ ಉತ್ತರ. ಅವಳಿಗೆ ಮೊದಲೇ ಗೊತ್ತಿತ್ತು.

ಆಟ ಕ್ರಿಕೆಟ್ 07. ಅದರಲ್ಲಿ ಪರವಾನಗಿ ಇದ್ದದ್ದು ಆಸ್ಟ್ರೇಲಿಯ, ಇಂಗ್ಲೆಂಡುಗಳ ಆಟಗಾರರಿಗೆ ಮಾತ್ರವಾದುದರಿಂದ ನಮ್ಮವರ ಹೆಸರುಗಳೆಲ್ಲ ಅಪಭ್ರಂಶರೂಪದಲ್ಲಿವೆ. ಭಾಷಾಶಾಸ್ತ್ರಿಗೆ ಅದೊಂದು ಬೇರೆ ಪ್ರಬಂಧ. ಪಂದ್ಯವಿರುವುದು ಡಿಸ್ಕಿನಲ್ಲಲ್ಲ, ಹೆಬ್ಬೆರಳುದ್ದದ 8 ಎಂಬಿ ಕಾರ್ಡಿನಲ್ಲಿ. ಆದರೆ ಡಿಸ್ಕನ್ನು ಓದದೆ ಕಾರ್ಡಿನ ಪಂದ್ಯವು ತೆರೆಯದು.

ಕಡೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಓಣಿಯೊಳಗೆ ಒಂದೂವರೆ ಆಳಗಲದ ಅಂಗಡಿ. ಐವತ್ತರ ಮನುಷ್ಯ, ಹಣೆಯ ಮೇಲೆ ಎತ್ತಿಟ್ಟ ಭೂತಕನ್ನಡಿ. ಪೆಟ್ಟಿಗೆಯನ್ನು ಇಳಿಸುವ ಮುಂಚೆಯೇ, “ಡಿಸ್ಕ್ ತಂದಿದೀರಾ ಸಾರ್?” ಎಂದ. ಈ ಬಾರಿ ತಂದಿದ್ದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಇದಕ್ಕೇನೂ ಆಗಿಲ್ಲ” ಎಂದು ಬದಿಗಿಟ್ಟ. ಪಕ್ಕದ ಕಂಪ್ಯೂಟರಿಗೆ ಹಾಕಿದಾಗ ಅದು ತಕರಾರಿಲ್ಲದೆ ಓದಿತು. ನಮ್ಮ ಯಂತ್ರಕ್ಕೆ ಒಂದು ಹಾಡಿನ ಸಿಡಿ ಹಾಕಿದ; ಹಾಡಿತು. “ಸಿಡಿ ಓದತ್ತೆ, ಡಿವಿಡಿ ಓದಲ್ಲ. ಕಣ್ಣು ಮಂದ ಆಗಿದೆ, ಅಷ್ಟೆ.” ಅನ್ವಯ, ವ್ಯತಿರೇಕ ಎಂಬ ಎರಡನ್ನೂ ನಾಲ್ಕು ನಿಮಿಷದಲ್ಲಿ ಮುಗಿಸಿದನು, ನಾನು ಅದನ್ನು ಒಂದು ಅವಧಿಪೂರ್ತಿ ಪಾಠ ಮಾಡುತ್ತಿದ್ದೆ.

ಬಿಲ್ಲೆಗಳನ್ನು ಕಿತ್ತು, ತಿರುಪು ಬಿಚ್ಚಿ, ಡಿಸ್ಕನ್ನು ಒತ್ತಿ ಹಿಡಿಯುವ ಲೋಹದ ಮುಚ್ಚಳವನ್ನು ತೆಗೆದನು. ಮಸೂರ ಕಂಡಿತು: ನೀಲಿಯ ಛಾಯೆಯ ಒಂದು ಹನಿ, ಅದರ ಮೇಲೆ ಪೊರೆ ಬಂದಂತೆ ಧೂಳು. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಕೊಡವಿ, ಮಗುವಿನ ಕಣ್ಣು ಒರಸುವಷ್ಟು ಹಗುರವಾಗಿ ಒಮ್ಮೆ ಸುತ್ತಿದನು. ಸರಳುಗಳ ಮೇಲಿನ ಹಳೆಯ ಗ್ರೀಸನ್ನು ಕೆರೆದು ಹೊಸದನ್ನು ಸವರಿದನು. ಓದಿತು, ಮತ್ತೆ ತಪ್ಪಿತು. ಆಗ ಮಸೂರದ ಎತ್ತರವನ್ನು ತಿದ್ದುವ ಬಿಳಿಯ ಹಲ್ಲುಚಕ್ರವೊಂದರ ಮೇಲೆ, ತಿರುಗಿಸುವ ಮುಂಚೆ, ಅದು ಇದ್ದ ಜಾಗಕ್ಕೆ ಪೆನ್ನಿನಿಂದ ಒಂದು ಚುಕ್ಕೆಯಿಟ್ಟನು. ಆ ಚುಕ್ಕೆಯನ್ನು ನಾನು ಮರೆಯಲಾರೆ. ತಾನು ತಪ್ಪಬಹುದೆಂದು ತಿಳಿದವನು ಮಾತ್ರ ಇಡುವ ಚುಕ್ಕೆ ಅದು. ಒಂದು ಹಲ್ಲು ತಿರುಗಿಸಿ ನೋಡಿದ, ಇಲ್ಲ. ಇನ್ನೊಂದು ಹಲ್ಲು. ಗರಗರ ಸದ್ದು ಸಣ್ಣಗಾಗಿ ಸಮನಾಯಿತು. ತೆರೆಯ ಮೇಲೆ ಹಸುರು ಮೈದಾನ ಮೂಡಿ, 2015ರಲ್ಲಿ ತೀರಿಕೊಂಡ ರಿಚಿ ಬೆನೋ ಅವರ ಧ್ವನಿ ಆ ಓಣಿಯಲ್ಲಿ ಕೇಳಿತು.

ಕಿರಣದ ಬಲವನ್ನು ಹೆಚ್ಚಿಸಬಾರದೆ ಎಂದೆ. “ಮಾಡ್ಬಹುದು ಸಾರ್. ಇವತ್ತು ಜೋರಾಗಿ ಓದತ್ತೆ, ನಾಳೆ ಸುಟ್ಟುಹೋಗತ್ತೆ. ಇರೋದ್ರಲ್ಲಿ ಓಡಿಸ್ಕೊಳಿ. ಎಷ್ಟು ದಿನ ಅಂತ ಕೇಳ್ಬೇಡಿ.” ವೈದ್ಯರು ರೋಗಗಳನ್ನು ಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಇದು ಯಾಪ್ಯ: ಗುಣವಾಗದು, ನೋಡಿಕೊಂಡರೆ ಸದ್ಯಕ್ಕೆ ನಡೆಯುವುದು. ಕೂಲಿ 350 ರೂಪಾಯಿ ತೆಗೆದುಕೊಂಡನು. ವರದಿ ಕೊಡಲಿಲ್ಲ.

ಪಂದ್ಯ ಇತ್ತು. ಆರು ವಿಕೆಟ್ಟಿಗೆ 188. ಗೆಲ್ಲಲು ಇನ್ನೂ 61. ಅಂದು ರಾತ್ರಿ ಮಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಒಂದು ಬಾಲೂ ಆಡ್ಬೇಡಿ ಅಪ್ಪ. ಡಿಸೆಂಬರ್‌ಗೆ ಬರ್ತೀನಿ” ಎಂದ. ವಾರಕ್ಕೊಮ್ಮೆ ಐದು ನಿಮಿಷ ಯಂತ್ರವನ್ನು ಹಚ್ಚಿ, ಮೈದಾನ ಮೂಡುವವರೆಗೆ ನೋಡಿ, ಆರಿಸುತ್ತೇನೆ.

ಇದೇ ಉಪದ್ರವದಲ್ಲಿರುವ ಓದುಗರು ಎಸ್.ಪಿ. ರಸ್ತೆಗೆ ಹೋಗುವುದಾದರೆ ಭಾನುವಾರವನ್ನು ಬಿಟ್ಟು ಹೋಗಿರಿ. ಆ ಅಂಗಡಿಗೆ ಅಂದು ರಜೆ. ಯಂತ್ರವನ್ನು ಮಾತ್ರ ಒಯ್ದರೆ ಸಾಲದು, ಡಿಸ್ಕನ್ನೂ ಒಯ್ಯಿರಿ. ಅವನು ಮೊದಲು ಅದನ್ನೇ ಕೇಳುತ್ತಾನೆ.